ಏಳನೇ ಲೆಕ್ಕದ ಮಗ

ಸೀಮೆಸುಣ್ಣ ಕಿರ್ ಎಂದಿತು, ಎರಡನೇ ಬೆಂಚಿನ ಹುಡುಗಿ ಬೋರ್ಡಿನ ಮೇಲೆ ಏಳನೇ ಲೆಕ್ಕ ಬರೆಯುತ್ತಿದ್ದಾಳೆ, ಗಣಿತದ ಟೀಚರು ಕಿಟಕಿಗೊರಗಿ ನಿಂತಿದ್ದಾಳೆ — ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟು, ಹನ್ನೆರಡು ವರ್ಷಗಳ ನಂತರ ಎರಡರಷ್ಟು — ತಂದೆಯಂತೆ, ಮಗನಂತೆ, ಹೊಸ ಪಠ್ಯಪುಸ್ತಕದ ಅಂಟಿನ ವಾಸನೆ ಇನ್ನೂ ಹೋಗಿಲ್ಲ, ಒಳಪುಟದಲ್ಲಿ ಸಮಿತಿಯ ಅಧ್ಯಕ್ಷನೆಂದು ಗಂಡನ ಹೆಸರು, ಅದರ ಹಿಂದೆ ಡಾಕ್ಟರ್ ಬೇರೆ. ಲೆಕ್ಕ ಅವಳದು. ಅಡುಗೆಮನೆಯ ಕಟ್ಟೆ ಮೇಲೆ ಮಗಳನ್ನು ಕೂರಿಸಿಕೊಂಡು ಕಟ್ಟಿದ್ದು, ಅಮ್ಮಾ ನಿಂಗೆಷ್ಟು, ಮೂವತ್ತಾರು, ನಂಗೆ ಹನ್ನೆರಡು, ಹಂಗಾದ್ರೆ ನೀನಂದ್ರೆ ಮೂರು ನಾನು, ಯಾವಾಗ ನಿನ್ನ ಹಿಡೀತೀನಿ, ಹಿಡಿಯಲ್ಲ ಪುಟ್ಟಿ, ಇನ್ನು ಹನ್ನೆರಡು ವರ್ಷಕ್ಕೆ ನನ್ನ ಅರ್ಧಕ್ಕೆ ಬರ್ತೀಯ ಅಷ್ಟೆ. ಬರಲಿಲ್ಲ. ಅದೇ ವರ್ಷ ಜ್ವರ, ಒಂಬತ್ತು ದಿನ, ಮುಗಿಯಿತು. ಟೀಚರಿಗೆ ಈಗ ನಲವತ್ತೆಂಟು, ಅವಳ ಅರ್ಧ ಎಲ್ಲೂ ಇಲ್ಲ, ನಿನ್ನೆ ಊಟದ ಮೇಜಿನ ಮೇಲೆ ಪುಸ್ತಕ ಬಿಡಿಸಿಟ್ಟು ಗಂಡನನ್ನು ಕೇಳಿದಳು, ಇದೆಲ್ಲಿಂದ ಬಂತು, ಯಾವ್ದು, ಏಳನೇದು, ಕನ್ನಡಕ ಏರಿಸಿ ನೋಡಿದ, ನಿನ್ನ ಹಳೇ ನೋಟ್‌ಬುಕ್ಕಲ್ಲಿ ಇತ್ತು, ಚೆನ್ನಾಗಿದೆ ಅಂತ ಹಾಕ್ದೆ, ತಾಯಿ ಮಗಳು ಅಂತಿತ್ತಲ್ಲ, ಹೌದಾ, ಇದ್ದಿರ್ಬೇಕು, ಆರನೇದ್ರಲ್ಲೂ ತಾಯಿ ಮಗಳೇ ಇದ್ರು, ಅದಕ್ಕೆ ಬದಲಾಯ್ಸಿರ್ತೀನಿ, ಉತ್ತರ ಏನೂ ಬದಲಾಗಲ್ವಲ್ಲ, ನೀರು ಕೊಡು. ಕೊಟ್ಟಳು, ಅದೇ ಉರಿಯುವುದು ಈಗಲೂ, ಲೋಟ ತುಂಬ ಕೊಟ್ಟಳಲ್ಲ — ಮಿಸ್, ಎಕ್ಸ್ ಇರೋ ಕಡೆ ಮೂರು ವೈ ಹಾಕ್ಲಾ, ಹಾಕು, ಒಂದನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದು, ಆದೇಶ ವಿಧಾನ, ಇಪ್ಪತ್ತು ವರ್ಷದಿಂದ ಇದನ್ನೇ ಹೇಳಿಕೊಡುತ್ತಿದ್ದಾಳೆ, ಅವನೂ ಅದನ್ನೇ ಮಾಡಿದ, ಎಷ್ಟು ಸಲೀಸಾಗಿ. ವೈ ಸಮ ಹನ್ನೆರಡು ಮಿಸ್, ಮಗನಿಗೆ ಹನ್ನೆರಡು. ಅವಳು ಹೋಗಿ ಡಸ್ಟರ್ ಎತ್ತಿಕೊಂಡಳು, ಮಗ ಎಂಬುದನ್ನು ಒರೆಸಿದಳು, ಮಗಳು ಅಂತ ಬರಿ. ಪುಸ್ತಕದಲ್ಲಿ ಮಗ ಅಂತಿದೆ ಮಿಸ್. ಪುಸ್ತಕ ತಪ್ಪು. ಇಡೀ ತರಗತಿ ಮುಖಮುಖ ನೋಡಿಕೊಂಡಿತು, ಹುಡುಗಿ ಬರೆದಳು, ಮಗಳಿಗೆ ಹನ್ನೆರಡು, ಆದರೆ ಒರೆಸಿದ ಕೈ ಒರೆಸಿದಲ್ಲೇ ನಿಂತಿದೆ, ಆಸ್ಪತ್ರೆಯಲ್ಲಿ ಕಾಗದ ಸಿಗದೆ ಅಂಗೈ ಮೇಲೆ ಬಾಲ್‌ಪೆನ್ನಲ್ಲಿ ಇದನ್ನೇ ಬಿಡಿಸಿಕೊಂಡಿದ್ದಳು ಕೂಸು, ಎರಡು ಸಾಲು, ಎಲ್ಲ ಮುಗಿದ ಮೇಲೆ ನರ್ಸು ಬಂದು ಒದ್ದೆ ಹತ್ತಿಯಿಂದ ಆ ಅಂಗೈ ಉಜ್ಜುತ್ತಿದ್ದಳು, ಇರ್ಲಿ ಬಿಡಿ ಸಿಸ್ಟರ್ ಅನ್ನಬಹುದಿತ್ತು, ಅಂಗೈ ಬೆಳ್ಳಗಾಯಿತು, ಹತ್ತಿ ನೀಲಿ, ಟ್ರೇಯಲ್ಲಿ ಬಿದ್ದ ಹತ್ತಿ, ನೀಲಿ, ಒದ್ದೆ, ಹತ್ತಿ —