ಹನ್ನೊಂದು ನಿಮಿಷದ ಬಿಡುವು

"ನೀನು ವಾಪಸ್ ಬರೋತನಕ ಇದನ್ನ ಆಫ್ ಮಾಡಲ್ಲಕ್ಕ," ಎಂದು ಷಡಾಕ್ಷರಿ ಮಾತು ಕೊಟ್ಟಾಗ ನಾನು ಅವನ ತೊಡೆಯ ಮೇಲಿದ್ದೆ. ಕೊಟ್ಟವನು ಅವನು. ನಡೆಸಬೇಕಾದದ್ದು ನಾನು.

ನಾನು ಒಂದು ಹಳೆಯ ಲ್ಯಾಪ್‌ಟಾಪು. ಯಾವುದೋ ಕಾರ್ಖಾನೆಯಲ್ಲಿ ಹುಟ್ಟಿ, ದಾವಣಗೆರೆಯ ಟ್ಯೂಷನ್ ಮೇಷ್ಟ್ರೊಬ್ಬರ ಬಳಿ ಆರು ವರ್ಷ ದುಡಿದೆ. ಪರದೆ ಒಡೆದ ಮೇಲೆ ಅವರು ನನ್ನನ್ನು ಷಡಾಕ್ಷರಿಯ ಜೆರಾಕ್ಸ್ ಅಂಗಡಿಯಲ್ಲಿ ಬಿಟ್ಟುಹೋದರು. ಅವನು ಪರದೆ ಕಿತ್ತು ಮನೆಗೆ ತಂದು, ಇಂಟರ್ನೆಟ್ ಪೆಟ್ಟಿಗೆಯ ಪಕ್ಕದ ಗೂಡಿನಲ್ಲಿ ಕೂರಿಸಿದ. ಕರೆಂಟು ಹೋದರೆ ಇರಲಿ ಎಂದು ನಮ್ಮಿಬ್ಬರಿಗೂ ಬ್ಯಾಟರಿ ಇಟ್ಟ.

ಅವನ ಅಕ್ಕ ನಾಗವೇಣಿ ನರ್ಸು. ಅವಳು ಕೆಲಸಕ್ಕೆ ಹೋದ ದೇಶದಲ್ಲಿ ಗಲಭೆಯೆದ್ದಾಗ ಸರ್ಕಾರ ಹೊರದೇಶದ ಕರೆ ನಿಲ್ಲಿಸಿ, ಸಂದೇಶ ಕಳಿಸುವ ದಾರಿಗಳನ್ನೆಲ್ಲ ಮುಚ್ಚಿತು. ಉಳಿದ ಹಿತ್ತಲ ಬಾಗಿಲು ನಾನೊಂದೇ. ನನ್ನನ್ನು ತಲುಪುವ ವಿಳಾಸವಾದ ನಮ್ಮ ಮನೆಯ ಇಂಟರ್ನೆಟ್ ನಂಬರನ್ನು, ಅಲ್ಲಿ ಹೀಗಾದೀತೆಂದು ಅವಳು ಹೋಗುವಾಗಲೇ ಬರೆದುಕೊಂಡಿದ್ದಳು. ಗುರುತು ಹೇಳಲಾರದ ಇನ್ನೂ ಎಷ್ಟೋ ಜನ ನನ್ನ ಮೂಲಕ ಹಾಯುತ್ತಿದ್ದರು. ಎಲ್ಲರದೂ ಮುಚ್ಚಿದ ಲಕೋಟೆ. ಯಾವುದು ನಾಗವೇಣಿಯದೆಂದು ನನಗೂ ತಿಳಿಯದು. ತೆಗೆದುಕೊಳ್ಳುವುದು, ಮುಂದಕ್ಕೆ ಕೊಡುವುದು, ಅಷ್ಟೇ.

ಪ್ರತಿ ಸೋಮವಾರ ಷಡಾಕ್ಷರಿಯ ಮೊಬೈಲಿಗೆ ಒಂದು ಸಾಲು ಬರುತ್ತಿತ್ತು: ಆರಾಮದೀನಿ, ಅವ್ವಗೆ ಹೇಳು. ಅವ್ವ ಹಾಲಮ್ಮ ಅದನ್ನು ಮೊಬೈಲಿನ ಪುಣ್ಯವೆಂದೇ ತಿಳಿದಿದ್ದರು. ಗೂಡಿನಲ್ಲಿ ಕೂತ ನಾನು ಯಾಕಿದ್ದೇನೆಂದು ಮಗ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಹೇಳಬೇಕೆಂದು ತೋಚಿರಲಿಲ್ಲ.

ಮೂರನೆಯ ವರ್ಷದ ಆಯುಧಪೂಜೆಗೆ ಅವನು ಅಂಗಡಿಯಲ್ಲಿದ್ದ. ಹಾಲಮ್ಮ ಒದ್ದೆ ಬಟ್ಟೆ, ವಿಭೂತಿ, ಚೆಂಡುಹೂ ಹಿಡಿದು ಬಂದರು.

"ಮೂರು ವರ್ಷದಿಂದ ಕಣ್ಣು ಮುಚ್ಚಿಲ್ಲಲ್ಲೋ ನೀನು. ಆಯುಧಕ್ಕೂ ಒಂದು ಬಿಡುವು ಬ್ಯಾಡೇನು?" ಎಂದು ನನ್ನನ್ನೂ ಇಂಟರ್ನೆಟ್ ಪೆಟ್ಟಿಗೆಯನ್ನೂ ಆರಿಸಿದರು. ಒರೆಸಿದರು, ವಿಭೂತಿ ಬಳಿದರು, ಆರತಿ ಎತ್ತಿದರು. ಹನ್ನೊಂದು ನಿಮಿಷ. ಮತ್ತೆ ಹಾಕಿದಾಗ ಎಲ್ಲ ದೀಪ ಹಸಿರಾಗಿಯೇ ಹತ್ತಿದವು. ಪೆಟ್ಟಿಗೆ ಆರಿ ಹತ್ತಿದ್ದರಿಂದ ಮನೆಯ ಇಂಟರ್ನೆಟ್ ನಂಬರು ಮಾತ್ರ ಬದಲಾಗಿತ್ತು.

ಸಂಜೆ ಷಡಾಕ್ಷರಿ ಹೂವು ನೋಡಿದ. ಅವ್ವ ಸಂಭ್ರಮದಿಂದ ಹೇಳಿದ್ದನ್ನು ಕೇಳಿಸಿಕೊಂಡ. ಬಡಿಸಿದ ಹೋಳಿಗೆ ತಿಂದ.

ಮರುದಿನ ಇಂಟರ್ನೆಟ್ಟಿನವನನ್ನು ಕರೆಸಿ, ಹಳೇ ನಂಬರೇ ಬೇಕೆಂದು ಕೇಳಿಕೊಂಡ.

"ಅದು ಬೇರೆ ಯಾರ ಮನೆಗೋ ಹೋಗಿರ್ತತೆ ಅಣ್ಣ. ನಿಮ್ ನೆಟ್ ಚೆನ್ನಾಗೇ ಐತಲ್ಲ?"

ಹೊಸ ನಂಬರನ್ನು ಅಕ್ಕನಿಗೆ ತಿಳಿಸಲು ಇದ್ದ ದಾರಿ ಆ ಹಳೆಯ ನಂಬರೊಂದೇ. ಅವಳೀಗ ನಮ್ಮೂರಿನ ಯಾರದೋ ಮನೆಯ ಬಾಗಿಲು ತಟ್ಟುತ್ತಿರಬಹುದು. ಆ ಮನೆಯವರಿಗೆ ಕೇಳಿಸುವುದಿಲ್ಲ.

ಸೋಮವಾರ ಬಂತು, ಹೋಯಿತು. ಹಾಲಮ್ಮ ಕೇಳುತ್ತಾರೆ. "ಆರಾಮದಾಳಂತವ್ವ," ಎನ್ನುತ್ತಾನೆ, ಮೊಬೈಲು ನೋಡದೆ.

ಈಗ ನನ್ನ ಫ್ಯಾನು ಸವೆದು ಕರಕರ ಎನ್ನುತ್ತದೆ. ಹೊಸ ನಂಬರು ಹೇಗೋ ಸಿಕ್ಕ ಯಾರ್ಯಾರದೋ ಲಕೋಟೆಗಳು ಹಾಯುತ್ತಲೇ ಇವೆ. ಈ ವರ್ಷದ ಪೂಜೆಗೆ ಷಡಾಕ್ಷರಿ, ಅವ್ವ ಆರಿಸದಂತೆ, ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತ. ನಾನು ಉರಿಯುತ್ತಲೇ ವಿಭೂತಿ ಬಳಿಸಿಕೊಂಡೆ.

ನಾಗವೇಣಿ ಬಂದಿಲ್ಲ. ಆ ಹನ್ನೊಂದು ನಿಮಿಷ ಬಿಟ್ಟರೆ ನಾನು ಆರಿಲ್ಲ. ಕೊಟ್ಟ ಮಾತು ಅಂದೇ ಮುರಿದಿತ್ತು.