ತಾಯಕ್ಕನ ಮೂಗು

"ಅತ್ತಿ, ಒಂಚೂರು ಮೂಸಿ ನೋಡ್ರಿ," ಎಂದು ಜ್ಯೋತಿಲಕ್ಷ್ಮಿ ಸ್ಟೀಲಿನ ಬೋಗುಣಿಯನ್ನು ಅತ್ತೆಯ ಮುಖದ ಹತ್ತಿರಕ್ಕೇ ಹಿಡಿದಳು. ಬೋಗುಣಿಯ ತುಂಬ ಹಸಿ ಸಿಗಡಿ. ಬೂದು ಬಣ್ಣ, ಉದ್ದುದ್ದ ಮೀಸೆ, ಬೆಳಕಿಗೆ ಹಿಡಿದರೆ ಆಚೆಯದು ಈಚೆಗೆ ಕಾಣುವಂಥ ಮೈ. ತಾಯಕ್ಕ ಇಷ್ಟು ವರ್ಷ ಬದುಕಿದ್ದರೂ ಕಂಪ್ಲಿ ಸಂತೆಯ ಒಣ ಸಿಗಡಿ ಬಿಟ್ಟರೆ ಬೇರೆಯದನ್ನು ಕಂಡವಳಲ್ಲ. ಮಗ ಹನುಮೇಶ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಮೊಮ್ಮಗಳು ಪಲ್ಲವಿ ಅವನ ಕಾಲಿಗೆ ಜೋತುಬಿದ್ದು ಅಜ್ಜಿ ಏನು ಹೇಳುತ್ತಾಳೋ ಎಂದು ಕಾಯುತ್ತಿದ್ದಳು.

ಹನುಮೇಶ್ ಸಂಡೂರಿನ ಗಣಿಯಿಂದ ಕರಾವಳಿಗೆ ಅದಿರು ಸಾಗಿಸುವ ಲಾರಿಯ ಡ್ರೈವರ್. ಅಂಕೋಲೆಯಲ್ಲಿ ಬೆಳಿಗ್ಗೆಯೇ ಸಿಗಡಿ ಕೊಂಡು, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿಸಿ ಹೊರಟಿದ್ದ. ಕೊಪ್ಪಳದ ಹತ್ತಿರ ಲಾರಿಯ ಟೈರು ಸಿಡಿದು ಬಿಸಿಲಲ್ಲಿ ನಿಲ್ಲಬೇಕಾಗಿ ಬಂತು. ಕಡ್ಡಿರಾಂಪುರದ ಮನೆ ಮುಟ್ಟುವ ಹೊತ್ತಿಗೆ ಐಸೆಲ್ಲ ನೀರಾಗಿತ್ತು. ಹೋದ ತಿಂಗಳು ಯಾರದೋ ಮದುವೆಯಲ್ಲಿ ಹಳಸಿದ್ದನ್ನು ತಿಂದು ಪಲ್ಲವಿ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದ್ದಳು. ಆ ಹೆದರಿಕೆ ಇನ್ನೂ ಯಾರ ಮನಸ್ಸಿನಿಂದಲೂ ಹೋಗಿರಲಿಲ್ಲ. ಹಾಗಾಗಿ ಹನುಮೇಶ್ ಒಂದೇ ಮಾತು ಹೇಳಿದ್ದ: ಅವ್ವ ಚಲೋ ಇದೆ ಎಂದರೆ ಮಾಡಿ, ಇಲ್ಲದಿದ್ದರೆ ತಿಪ್ಪೆಗೆ ಚೆಲ್ಲಿ.

ತಾಯಕ್ಕ ಬಗ್ಗಿ ಉಸಿರೆಳೆದುಕೊಂಡಳು. ಐಸ್ ಕರಗಿದ ನೀರಿನ ತಂಪು ಮೂಗಿಗೆ ತಾಗಿತು. ಬೇರೇನೂ ಬರಲಿಲ್ಲ. ಇನ್ನೊಮ್ಮೆ ಎಳೆದುಕೊಂಡಳು. ಮೂವರೂ ಕಾಯುತ್ತಿದ್ದರು.

"ಚಲೋ ಅದಾವ," ಎಂದುಬಿಟ್ಟಳು.

ತಾಯಕ್ಕನ ಮೂಗೆಂದರೆ ಊರಿಗೆಲ್ಲ ಗೊತ್ತಿದ್ದ ಮೂಗು. ಗಂಡ ಜಡೆಪ್ಪ ಬದುಕಿದ್ದಾಗ ಒಂದು ಗುಟುಕು ಏರಿಸಿ ಬಂದರೂ ಅವನಿನ್ನೂ ಓಣಿಯ ತಿರುವಿನಲ್ಲಿದ್ದಾಗಲೇ ಇವಳು ಚಿಲಕ ಹಾಕುತ್ತಿದ್ದಳು. ಕಂಪ್ಲಿ ಸಂತೆಯ ಒಣಮೀನಿನವನು ಇವಳು ಬರುವುದನ್ನು ಕಂಡರೆ ಹಳೆಯ ಚೀಲವನ್ನು ಮರೆಗೆ ಸರಿಸುತ್ತಿದ್ದ. ಲಗ್ನದ ಮನೆಗಳಲ್ಲಿ ಸಾರಿನ ಹಂಡೆ ಇಳಿಸುವ ಮುಂಚೆ ಅಡುಗೆಯವರು ಇವಳನ್ನು ಕರೆದು ಕೇಳುತ್ತಿದ್ದರು. ಇವಳು ಬಾಯಿಗೆ ಒಂದು ಹನಿಯನ್ನೂ ಹಾಕದೆ, ಬರೀ ಬಗ್ಗಿ ಮೂಸಿ, ಉಪ್ಪು ಎಷ್ಟು ಬೇಕು ಎನ್ನುತ್ತಿದ್ದಳು. ಉಪ್ಪಿಗೆ ವಾಸನೆ ಎಲ್ಲಿಯದು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಮೂಗು ಹೋದ ಮಳೆಗಾಲದಲ್ಲಿ ಒಂದು ಜ್ವರದೊಂದಿಗೆ ಹೋಯಿತು. ಜ್ವರ ಬಿಟ್ಟಿತು, ವಾಸನೆ ತಿರುಗಿ ಬರಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಾದಳು. ಆಮೇಲೆ ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಗಟ್ಟಿ ಮಾಡಿಕೊಂಡಳು. ಮೊಣಕಾಲು ಹೋಗಿದ್ದರೆ ಹೇಳುತ್ತಿದ್ದಳು, ಕಣ್ಣು ಹೋಗಿದ್ದರೂ ಹೇಳುತ್ತಿದ್ದಳು. ಮೂಗು ಹೋಯಿತೆಂದರೆ ಒಲೆಯ ಮುಂದೆ ತನಗೇನು ಕೆಲಸ? ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುವ ಮುದುಕಿಯಾಗುವುದು ಅವಳಿಗೆ ಬೇಕಿರಲಿಲ್ಲ.

ಹೇಗೋ ನಡೆಯಿತು. ಅದಕ್ಕೆ ಕಾರಣ ಸೊಸೆಯ ಬಾಯಿ. ಜ್ಯೋತಿಲಕ್ಷ್ಮಿಯದು ಒಲೆಯ ಹತ್ತಿರ ನಿಂತರೆ ನಿಲ್ಲದ ಮಾತು. ಬೆಳ್ಳುಳ್ಳಿ ಘಮ್ಮೆನ್ನುತ್ತಿದೆ, ಇನ್ನೊಂದು ನಿಮಿಷ ಬಿಟ್ಟರೆ ಕಹಿಯಾದೀತು; ನಿನ್ನೆಯ ಸಾರು ಯಾಕೋ ಹುಳಿ ವಾಸನೆ ಹೊಡೆಯುತ್ತಿದೆ, ಅಲ್ಲವಾ ಅತ್ತೆ; ಹಿಟ್ಟು ಹುರಿದದ್ದು ಹದಕ್ಕೆ ಬಂದಂತಿದೆ. ತಾಯಕ್ಕ ಆ ಮಾತುಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಂಡು, ನನಗೇ ಹೇಳಿಕೊಡುತ್ತೀಯಾ ಎಂದು ಗದರಿ, ಪಾತ್ರೆ ಇಳಿಸುತ್ತಿದ್ದಳು. ಪಕ್ಕದ ಮನೆಯ ಲಲಿತಾಳ ಮುಂದೆ, ನಮ್ಮ ಸೊಸೆ ಅಲ್ಲ, ರೇಡಿಯೋ ಎಂದು ದೂರಿದ್ದಳು. ಒಳಗೊಳಗೆ ಮಾತ್ರ, ಬಾಯಿಬಡುಕಿ ಸಿಕ್ಕಿದ್ದು ತನ್ನ ಪುಣ್ಯ ಎಂದುಕೊಳ್ಳುತ್ತಿದ್ದಳು. ತನ್ನ ಚಾಲಾಕಿತನದ ಮೇಲೆ ಅವಳಿಗೆ ಸಣ್ಣ ಹೆಮ್ಮೆಯೂ ಇತ್ತು.

ಆದರೆ ಹಸಿ ಸಿಗಡಿಯ ವಿಷಯದಲ್ಲಿ ಸೊಸೆ ಏನೂ ಹೇಳಲಿಲ್ಲ. ಬೋಗುಣಿಯನ್ನು ಒಯ್ದು, ಸಿಪ್ಪೆ ಬಿಡಿಸಿ, ಬೆನ್ನೊಳಗಿನ ದಾರದಂಥ ಕಪ್ಪು ಕರುಳನ್ನು ಕಡ್ಡಿಯಿಂದ ಎಳೆದು ತೆಗೆದಳು. ಮೊಬೈಲಿನಲ್ಲಿ ನೋಡಿಟ್ಟಿದ್ದಳಂತೆ, ಭಾಳ ಸಲೀಸಂತೆ. ಅರಿಶಿಣ, ಖಾರದ ಪುಡಿ, ಉಪ್ಪು, ಶುಂಠಿ-ಬೆಳ್ಳುಳ್ಳಿ, ನಿಂಬೆರಸ ಹಚ್ಚಿ ಅರ್ಧ ಗಂಟೆ ಇಡುವುದು, ಆಮೇಲೆ ತವೆಯ ಮೇಲೆ ಎರಡು ಮಗ್ಗುಲು ಹೊರಳಿಸುವುದು. ಒಣ ಸಿಗಡಿಯ ಹಾಗೆ ಹುರಿದು, ನೆನೆಸಿ, ಕುದಿಸುವ ರಗಳೆ ಇಲ್ಲ. ಮಸಾಲೆ ಹಚ್ಚಿ ತಟ್ಟೆ ಮುಚ್ಚಿ, ರೊಟ್ಟಿ ಬಡಿಯಲು ಕುಳಿತಳು.

ಆ ಅರ್ಧ ಗಂಟೆ ತಾಯಕ್ಕನಿಗೆ ಸಾಕುಬೇಕಾಯಿತು. ಹೊರಗೆ ಹಂಪಿಯಿಂದ ಹಿಂತಿರುಗುವ ಆಟೋಗಳ ಸದ್ದು ಕಡಿಮೆಯಾಗುತ್ತಿತ್ತು. ಪಲ್ಲವಿ ಎರಡು ಸಲ ಬಂದು ಆಯ್ತಾ ಎಂದು ಕೇಳಿ, ಮುಚ್ಚಿದ ತಟ್ಟೆಗೆ ಕಿವಿಯಿಟ್ಟು ಹೋದಳು. ತಾಯಕ್ಕ ಆ ಸಣ್ಣ ಮೊಣಕೈಯನ್ನೇ ನೋಡಿದಳು. ಸೂಜಿ ಚುಚ್ಚಿದ್ದ ಜಾಗದಲ್ಲಿ ಈಗೇನೂ ಇರಲಿಲ್ಲ, ಆದರೂ ಅವಳಿಗೆ ಆ ಸೂಜಿಯೇ ಕಂಡಿತು. ಸಿಗಡಿ ಕೆಟ್ಟಿದ್ದರೆ? ಸಾರು ಹಳಸಿದರೆ ಒಂದು ಲೆಕ್ಕ, ಸಮುದ್ರದ್ದು ಕೆಟ್ಟರೆ ವಿಷ ಎಂದು ಸಂತೆಯವನೇ ಹೇಳಿದ್ದ. ತನ್ನ ಮಾನಕ್ಕೆ ಕೂಸಿನ ಜೀವವನ್ನು ಒತ್ತೆ ಇಟ್ಟೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ತವೆ ಕಾಯಿತು. ಜ್ಯೋತಿಲಕ್ಷ್ಮಿ ಎಣ್ಣೆ ಬಿಟ್ಟು ಬೋಗುಣಿಗೆ ಕೈ ಹಾಕಿದಳು.

"ನಿಂದ್ರು. ಹಾಕಬ್ಯಾಡ," ಎಂದಳು ತಾಯಕ್ಕ. "ನನಗ ವಾಸನಿ ಬರಂಗಿಲ್ಲ, ಜ್ಯೋತಿ. ಸಿಗಡೀದಷ್ಟ ಅಲ್ಲ, ಯಾವ್ದೂ ಬರಂಗಿಲ್ಲ. ಹೋದ ಮಳಿಗಾಲದಾಗ ಜ್ವರ ಬಂದಿತ್ತಲ್ಲ, ಆಗಿಂದ. ಚೆಲ್ಲಿಬಿಡು. ಕೂಸು ತಿನ್ನೋದು."

ಸೊಸೆ ಗ್ಯಾಸ್ ಸಣ್ಣಗೆ ಮಾಡಿದಳು. ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಹೇಳಿದಳು.

"ನನಗ ಗೊತ್ತೈತ್ರಿ. ಸಿಗಡಿ ಚಲೋ ಅದಾವ. ಡಬ್ಬಿ ತೆಗೆದ ಕೂಡ್ಲೆ ನಾನು ಮೂಸಿ ನೋಡೀನಿ."

"ಮತ್ತ ನನ್ನ ಮುಂದ್ಯಾಕ ಹಿಡದಿ?"

"ನಿಮ್ಮನ್ನ ಕೇಳದಂಗ ಒಲಿಗೆ ಇಟ್ಟಿದ್ರ ಅವರಿಗೆ ಅನುಮಾನ ಬರ್ತಿತ್ರಿ. ಈ ಮನ್ಯಾಗ ಹಂಗ ಯಾವತ್ತಾರ ಆಗೈತೇನು?"

ತಾಯಕ್ಕ ಯಾವಾಗಿನಿಂದ ಗೊತ್ತು ಎಂದು ಕೇಳಿದಳು. ಗೌರಿ ಹುಣ್ಣಿಮೆಯ ದಿನ ತುಪ್ಪ ಸೀದು ವಾಸನೆ ಓಣಿಗೆಲ್ಲ ಹರಡಿದ್ದರೂ ಅತ್ತೆ ಅದನ್ನು ತಿರುವುತ್ತಲೇ ಕುಳಿತಿದ್ದರಂತೆ. ಅವತ್ತೇ ತಿಳಿಯಿತಂತೆ.

"ಆಗಿಂದ ಹೇಳಾಕ ಹತ್ತೀನಲ್ರಿ," ಎಂದಳು ಜ್ಯೋತಿಲಕ್ಷ್ಮಿ.

ತಾಯಕ್ಕ ಗೋಡೆಗೆ ಕೈ ಊರಿ ನಿಂತಳು. ಹೆಣ್ಣು ನೋಡಲು ಚೋರನೂರಿಗೆ ಹೋದಾಗ ಈ ಹುಡುಗಿಯ ತಾಯಿ ಮೊದಲು ಹೇಳಿದ್ದೇ, ನಮ್ಮ ಮಗಳದು ಮಾತು ಕಡಿಮೆ ಎಂದು. ನಿಜವೇ. ಮದುವೆಯಾಗಿ ಬಂದು ಪಲ್ಲವಿ ಹುಟ್ಟಿ ನಡೆಯುವ ತನಕ ಸೊಸೆ ತುಟಿ ಪಿಟಕ್ಕೆಂದವಳಲ್ಲ. ಮಗನಿಗೆ ಮೂಕಿಯನ್ನು ಕಟ್ಟಿದಿರಿ ಎಂದು ಲಲಿತಾ ಆಗ ಚೇಷ್ಟೆ ಮಾಡುತ್ತಿದ್ದಳು. ಈಗಲೂ ಒಲೆಯ ಮುಂದಿನಿಂದ ಆಚೆ ಬಂದರೆ ಅವಳ ದನಿ ಕೇಳುವುದು ಅಪರೂಪ. ದಿನಾ ಕಣ್ಣೆದುರೇ ಇದ್ದ ಇದು ತಾಯಕ್ಕನಿಗೆ ಹೊಳೆದಿರಲಿಲ್ಲ. ಬೆಳಿಗ್ಗೆ ಹಾಲು, ಮಧ್ಯಾಹ್ನ ಒಗ್ಗರಣೆ, ಸಂಜೆ ಬೇಳೆ. ಒಂದು ದಿನ ತಪ್ಪದೆ, ಬೈಸಿಕೊಂಡು, ರೇಡಿಯೋ ಅನ್ನಿಸಿಕೊಂಡು, ಮಾತೇ ಬಾರದ ಹುಡುಗಿ ಮಾತಾಡುತ್ತ ನಿಂತಿದ್ದಳು. ಗುಡಿಯಲ್ಲಿ ಪರದೆ ಸರಿದಾಗ ಆಗುವಂತೆ, ತಾಯಕ್ಕನ ಕೈಗಳು ತಾವಾಗಿಯೇ ಒಂದಕ್ಕೊಂದು ಹತ್ತಿರ ಬಂದವು. ಅವಳು ಅವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

"ಹಾಕು," ಎಂದಳು.

ಸಿಗಡಿ ತವೆಗೆ ಬಿದ್ದವು. ಚುಂಯ್ ಎಂಬ ಸದ್ದು ಎದ್ದಿತು. ನೋಡನೋಡುತ್ತಿದ್ದಂತೆ ಆ ಬೂದು ಮೈಗೆ ಅಂಚಿನಿಂದ ಕೆಂಪು ಏರತೊಡಗಿತು. ಖಾರದ ಪುಡಿಯ ಕೆಂಪಲ್ಲ, ಒಳಗಿನಿಂದಲೇ ಬರುವ ಕೆಂಪು. ಒಂದೊಂದೂ ಮಲಗಿದ ಮಗುವಿನಂತೆ ಮೆಲ್ಲಗೆ ಮುದುಡಿಕೊಂಡಿತು. ಇಷ್ಟು ಹೊತ್ತು ಈ ಬಣ್ಣ ಎಲ್ಲಿತ್ತೆಂದು ತಾಯಕ್ಕ ಬೆರಗಾಗಿ ನೋಡಿದಳು.

"ಅವ್ವಾ," ಎಂದು ಪಡಸಾಲೆಯಿಂದ ಹನುಮೇಶ್ ಕೂಗಿದ. "ವಾಸನಿ ಹೆಂಗೈತಿ?"

ಜ್ಯೋತಿಲಕ್ಷ್ಮಿ ಎಂದಿನಂತೆ ಬಾಯಿ ತೆರೆಯಲು ಹೋದಳು. ತಾಯಕ್ಕ ಅವಳ ತೋಳು ಮುಟ್ಟಿ ತಡೆದಳು.

"ನನಗ ವಾಸನಿ ಗೊತ್ತಾಗಂಗಿಲ್ಲಪ್ಪ," ಎಂದು ಹೊರಗೆ ಕೇಳುವಂತೆ ಹೇಳಿದಳು. "ವರ್ಷ ಆತು. ಇಷ್ಟು ದಿನ ನಿನ್ನ ಹೇಣ್ತೀನೇ ಮೂಸಿ ನೋಡಿ ಹೇಳ್ಯಾಳ. ಅಕೀನ್ನ ಕೇಳು."

ಪಡಸಾಲೆಯಲ್ಲಿ ಟಿವಿಯ ಸದ್ದು ನಿಂತಿತು. ಜ್ಯೋತಿಲಕ್ಷ್ಮಿಯ ಕೈಯಲ್ಲಿ ಸೌಟು ಹಾಗೇ ಉಳಿಯಿತು, ಕಣ್ಣು ತುಂಬಿದವು. ತಾಯಕ್ಕ ಒಲೆಯ ಮುಂದಿನಿಂದ ಸರಿದು ಅವಳಿಗೆ ಜಾಗ ಬಿಟ್ಟಳು.

"ಹೇಳು," ಎಂದಳು. "ನನಗ ಹೇಳು."

"ಮೊದ್ಲ ಖಾರ ಬಂತ್ರಿ, ಮೂಗಿನ ತುದೀಗೆ," ಎಂದು ಸೊಸೆ ನಿಧಾನವಾಗಿ ಶುರುಮಾಡಿದಳು. "ಈಗ ಬೆಳ್ಳುಳ್ಳಿ. ಅದರ ಹಿಂದ ಒಂದು ಸಿಹಿ ಐತ್ರಿ, ಹಸಿ ಸೇಂಗಾ ಸುಟ್ಟಂಗ. ಎಲ್ಲಾದ್ರ ಕೆಳಗ ಇನ್ನೊಂದೈತಿ... ಡ್ಯಾಮಿನ ಗೇಟು ಬಿಟ್ಟ ದಿನ ಹೊಳಿ ದಂಡಿಗೆ ನಿಂತ್ರ ಬರ್ತೈತಲ್ರಿ, ಅಂಥಾದ್ದು."

ತಾಯಕ್ಕ ಕಣ್ಣು ಮುಚ್ಚಿದಳು. ಲಗ್ನದ ಮನೆಗಳಲ್ಲಿ ಹಂಡೆಯ ಮೇಲೆ ಬಗ್ಗುತ್ತಿದ್ದಳಲ್ಲ, ಹಾಗೆಯೇ ಸೊಸೆಯ ಮಾತಿನ ಕಡೆಗೆ ಮುಖ ಬಾಗಿಸಿ ನಿಂತಳು.