ಎರಡನೆಯ ಹಿಡಿ ಉಪ್ಪು

ಎಳ್ಳಮಾವಾಸ್ಯೆಗೆ ಕಾಳು, ತರಕಾರಿ, ಸೊಪ್ಪು ಕೂಡಿಸಿ ಬೇಯಿಸುವ ಭಜ್ಜಿಗೆ ಉಪ್ಪು ಹಾಕಿದವರು ರುಚಿ ನೋಡುವಂತಿಲ್ಲ. ಇಷ್ಟಲಿಂಗಕ್ಕೆ ಅರ್ಪಿಸದ ಅಡುಗೆ ನಾಲಿಗೆಗೆ ತಾಕಬಾರದು. ಮಂಗಲಾ ಇದನ್ನು ಕಲಿತದ್ದು ನಾಸಿಕದ ಸಾತಪುರದಲ್ಲಿ, ಒಂಬತ್ತನೆಯ ವಯಸ್ಸಿಗೆ. ಅವ್ವ ಅಪ್ಪ ಇಲ್ಲದ ಅವಳನ್ನು ಬೀದರ್ ಕಡೆಯ ಹಳ್ಳಿಯಿಂದ ಕರೆತಂದಿದ್ದ ಚಿಗವ್ವ ಕಾಶಿಬಾಯಿ, ಒಂದು ದಿನ ಹುಡುಗಿ ಬೆರಳು ನೆಕ್ಕಿದಳೆಂದು ಮಣಿಕಟ್ಟಿಗೆ ಕಾದ ಸೌಟು ಒತ್ತಿದಳು. ಆ ಕಲೆ ಇವತ್ತಿಗೂ ಇದೆ. ಅಂದಿನಿಂದ ಮಂಗಲಾ ನಾಲಿಗೆ ಬಿಟ್ಟು ಹಿಡಿಯನ್ನೇ ನಂಬಿದಳು.

ಅವರೆ, ಹಸಿಕಡಲೆ, ಗಜ್ಜರಿ, ಮೆಂತ್ಯೆ ಎಂದು ಹತ್ತಾರು ಬಗೆ ಸೋಸಿ ಬೇಯಿಸಿದವಳಿಗೆ ಸಿಗುತ್ತಿದ್ದದ್ದು ಪಾತೇಲಿಯ ತಳ ಹತ್ತಿದ ಭಜ್ಜಿ, ಮೊನ್ನೆಯ ಸಜ್ಜೆರೊಟ್ಟಿ. ಅದೇ ಭಜ್ಜಿಯನ್ನು ಬಂದವರ ಮುಂದಿಟ್ಟು, ಇದು ನನ್ನ ಮಗಳು ರೂಪಾಳ ಕೈಯದು ಎಂದು ಕಾಶಿಬಾಯಿ ಬೀಗುತ್ತಿದ್ದಳು. ರೂಪಾಗೆ ಒಲೆ ಹಚ್ಚಲೂ ಬರುತ್ತಿರಲಿಲ್ಲ. ಆ ಭಜ್ಜಿ ಉಂಡು ಮೆಚ್ಚಿಯೇ ಸಂಭಾಜಿನಗರದ ಕಿರಾಣಿ ವ್ಯಾಪಾರಿ ವಿಶ್ವನಾಥಪ್ಪನವರು ಅವಳನ್ನು ಸೊಸೆ ಮಾಡಿಕೊಂಡರು.

ಮಂಗಲಾ ಈಗ ಸಂಭಾಜಿನಗರದ ಪಕ್ಕದ ವಾಳೂಜಿನಲ್ಲಿ ಕಾರ್ಖಾನೆಯವರಿಗೆ ಊಟದ ಡಬ್ಬಿ ಕಟ್ಟುತ್ತಾಳೆ. ಆದರೂ ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಗೆ, ರೂಪಾಳ ಅಡುಗೆಮನೆಗೆ ಅವಳು ಬೆಳಗಾಗುವುದರೊಳಗೆ ಬರಲೇಬೇಕು. ಅನ್ನ ಹಾಕಿದ ಋಣವನ್ನು ಕಾಶಿಬಾಯಿ ಫೋನಿನಲ್ಲಿ ನೆನಪಿಸುತ್ತಾಳೆ, ಹಬ್ಬಕ್ಕೆ ತಾನೂ ಮಗಳ ಮನೆಗೆ ಬಂದಿರುತ್ತಾಳೆ. ಅಡುಗೆ ಮುಗಿಸಿ, ಜನ ಬರುವ ಮೊದಲು ಹಿತ್ತಲ ಬಾಗಿಲಿನಿಂದ ಹೋಗಿಬಿಡಬೇಕು. ಆ ಪಂಕ್ತಿಯಲ್ಲಿ ಒಮ್ಮೆಯಾದರೂ ತನ್ನ ಹೆಸರು ಕೇಳಬೇಕೆಂಬ ಹಟ ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

ಈ ಸಲ ಭಜ್ಜಿ ಕುದಿಯುವಾಗ ಅವಳು ಬಾಯಿಬಿಟ್ಟೇ ಕೇಳಿದಳು. “ಚಿಗವ್ವ, ಇವತ್ತ ನಾನೂ ಪಂಕ್ತಿಗಿ ಕೂಡ್ತೀನ್ರಿ. ಭಜ್ಜಿ ಯಾರು ಮಾಡ್ಯಾರಂತ ಒಂದ್ಸಲ ಹೇಳ್ರಿ.”

ಕಾಶಿಬಾಯಿ ತಿರುಗಿಯೂ ನೋಡಲಿಲ್ಲ. “ನಿನಗ ಪಾತೇಲ್ಯಾಗ ಉಳದದ್ದು ಸಾಲ್ತದಲ್ಲ?”

ಉಪ್ಪು ಹಾಕಿ ಆಗಿತ್ತು. ಚಿಗವ್ವ ಆಚೆ ಹೋದ ಮೇಲೆ ಮಂಗಲಾ ಮತ್ತೆ ಉಪ್ಪಿನ ಡಬ್ಬಿಗೆ ಕೈ ಹಾಕಿ, ತುಂಬಿದ ಹಿಡಿಯನ್ನು ಪಾತೇಲಿಯ ಮೇಲೆ ಬಿಚ್ಚಿದಳು. ಯಾರೂ ರುಚಿ ನೋಡುವುದಿಲ್ಲವೆಂದು ಅವಳಿಗೆ ಖಾತ್ರಿಯಿತ್ತು. ಆ ಪಾಠ ಕಲಿಸಿದವಳೇ ಕಾಶಿಬಾಯಿ. ಮಂಗಲಾಳ ಹೊಟ್ಟೆ ತಣ್ಣಗಾಯಿತು.

ಈ ಸಲ ಅವಳು ಹಿತ್ತಲಿನಿಂದ ಹೋಗಲಿಲ್ಲ. ಸೆರಗು ಸಿಕ್ಕಿಸಿ ಬಡಿಸಲು ನಿಂತಳು. ಕಾಶಿಬಾಯಿ ಕಣ್ಣು ಕೆಂಪಗೆ ಮಾಡಿದರೂ ಜನರ ಮುಂದೆ ಏನೂ ಅನ್ನಲಾಗದೆ, ಭಜ್ಜಿ ರೂಪಾಳ ಕೈಯದೆಂದು ಎಂದಿನಂತೆ ಸಾರಿ ಕುಳಿತಳು. ಎಲ್ಲರೂ ಲಿಂಗಕ್ಕೆ ಅರ್ಪಿಸಿ ಮೊದಲ ತುತ್ತು ಬಾಯಿಗಿಟ್ಟರು. ಉಪ್ಪಿಗೆ ಎಲ್ಲರ ಮುಖವೂ ಕಿವುಚಿತು.

ಅರ್ಪಿಸಿದ ಮೇಲೆ ಅದು ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ, ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ವಿಶ್ವನಾಥಪ್ಪನವರು ಕಣ್ಣು ಮುಚ್ಚಿ ನುಂಗಿದರು. ಅವರ ಮೇಲೆ ಮಂಗಲಾಗೆ ಸಿಟ್ಟಿರಲಿಲ್ಲ, ಪಾಪ ಅನಿಸಿತು. ಆದರೂ ಮಾಡಿದ್ದಕ್ಕೆ ಅವಳು ಮರುಗಲಿಲ್ಲ.

“ರೂಪಾ, ಇದು ನಿನ್ನ ಕೈದಽ ಏನು?” ಎಂದು ಅವರು ಮೆಲ್ಲಗೆ ಕೇಳಿದರು.

ರೂಪಾ ತಾಯಿಯತ್ತ ನೋಡಿದಳು. ಕಾಶಿಬಾಯಿ ಗಂಟಲು ಸರಿಮಾಡಿಕೊಂಡಳು. “ಅಲ್ರಿ ಬೀಗರ, ಈ ಸಲ ಮಂಗಲಾ ಮಾಡ್ಯಾಳ.”

ಮೂವತ್ತು ವರ್ಷ ಕಾದ ಮಾತು ಅದು. ಮಂಗಲಾ ನಾಚಲಿಲ್ಲ.

“ಹೌದ್ರಿ, ನನ್ನ ಕೈದು. ಸಾತಪುರದಾಗ ನೀವು ಉಂಡು ಮೆಚ್ಚಿದ್ದೂ ನನ್ನ ಕೈದಽ. ಭಜ್ಜಿಗಿ ಮೊದಲ ಏನು ಬೇಯಿಸ್ತಾರಂತ ಬೇಕಾದ್ರ ರೂಪಾಗ ಕೇಳ್ರಿ.”

ವಿಶ್ವನಾಥಪ್ಪನವರು ಸೊಸೆಯ ಕಡೆ ನೋಡಿದರು. ರೂಪಾ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರಿಗೆ ಅಷ್ಟು ಸಾಕಾಯಿತು.

ಮಂಗಲಾ ಸೌಟು ಹಿಡಿದು ಚಿಗವ್ವನ ಮುಂದೆ ಬಂದಳು. ಕಾಶಿಬಾಯಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಳು. “ಕೈ ತೆಗೀರಿ ಬೀಗತೇರ,” ಎಂದರು ವಿಶ್ವನಾಥಪ್ಪನವರು. ಕೈ ಸರಿಯಿತು. ಮಂಗಲಾ ಎರಡು ಸೌಟು ತುಂಬಿ ಬಡಿಸಿದಳು.

“ಪ್ರಸಾದ ಅದ ಚಿಗವ್ವ. ಬಿಡಬ್ಯಾಡ್ರಿ.”

ಕಾಶಿಬಾಯಿ ಎಲ್ಲ ಉಂಡು, ತಟ್ಟೆ ತೊಳೆದು, ಆ ನೀರನ್ನೂ ಕುಡಿಯುವ ತನಕ ಅವಳು ತಂಬಿಗೆ ಹಿಡಿದು ಎದುರಿಗೇ ನಿಂತಿದ್ದಳು.